ಮೂಳೆ ಕೂಡಿದೆ, ಉರಿ ನಿಂತಿಲ್ಲ: ಸಿಆರ್‌ಪಿಎಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬೀಳುವುದು, ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಕೈಯೂರುವುದು ಕೊಡಗಿನಲ್ಲಿ ಪ್ರತಿ ವರ್ಷದ ಮಾತು. ಮಣಿಕಟ್ಟು ಮುರಿದವರಲ್ಲಿ ಹೆಚ್ಚಿನವರಿಗೆ ಸುಮಾರು 6 ವಾರಕ್ಕೆ ಪ್ಲಾಸ್ಟರ್ ಬಿಚ್ಚುತ್ತಾರೆ, ಇನ್ನೊಂದೆರಡು ತಿಂಗಳಲ್ಲಿ ಕೈ ಕೆಲಸಕ್ಕೆ ಬರುತ್ತದೆ. ಕೆಲವರಿಗೆ ಮಾತ್ರ ಮೂಳೆ ಕೂಡಿದ ಮೇಲೂ ಕೈ ಉರಿಯುತ್ತದೆ, ಊದುತ್ತದೆ, ಸೆರಗು ತಾಗಿದರೂ ಜೀವ ಹೋದಂತಾಗುತ್ತದೆ. ಈ ಪುಟ ಅಂಥವರಿಗೆ ಮತ್ತು ಅವರ ಮನೆಯವರಿಗೆ.

ಸಿಆರ್‌ಪಿಎಸ್ ಎಂದರೇನು?

ಪೂರ್ತಿ ಹೆಸರು ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್. ಪೆಟ್ಟು, ಮೂಳೆಮುರಿತ ಅಥವಾ ಶಸ್ತ್ರಚಿಕಿತ್ಸೆಯಾದ ಕೈ ಅಥವಾ ಕಾಲಿನಲ್ಲಿ, ಆದ ಗಾಯಕ್ಕೆ ತಾಳೆಯಾಗದಷ್ಟು ನೋವು ಉಳಿದುಕೊಳ್ಳುವ ಕಾಯಿಲೆ. ನೋವಿನ ಜೊತೆ ಬಾವು, ಚರ್ಮದ ಬಣ್ಣ ಮತ್ತು ಬಿಸಿಯಲ್ಲಿ ವ್ಯತ್ಯಾಸ, ಬೆವರು, ಬಿಗಿತ ಸೇರಿಕೊಳ್ಳುತ್ತವೆ. ಆನೆ ಕಾಡಿಗೆ ಮರಳಿದ ಮೇಲೂ ಊರವರು ಪಟಾಕಿ ಸಿಡಿಸುತ್ತಲೇ ಇದ್ದರೆ ಹೇಗೋ ಹಾಗೆ, ಗಾಯ ಮಾಗಿದರೂ ನರಗಳು, ಬೆನ್ನುಹುರಿ ಮತ್ತು ಮಿದುಳು ಅಪಾಯದ ಸೂಚನೆ ಕೊಡುವುದನ್ನು ನಿಲ್ಲಿಸುವುದಿಲ್ಲ.

ಹಳೆಯ ಚೀಟಿಗಳಲ್ಲಿ ಆರ್‌ಎಸ್‌ಡಿ, ಸೂಡೆಕ್, ಕಾಸಾಲ್ಜಿಯಾ ಎಂದು ಬರೆದಿದ್ದರೂ ಬಹುಮಟ್ಟಿಗೆ ಇದೇ ಕಾಯಿಲೆ. ಈಗಿನ ಹೆಸರು 1994ರಿಂದ ಬಳಕೆಯಲ್ಲಿದೆ. ದೊಡ್ಡ ನರಕ್ಕೆ ಪೆಟ್ಟಾದ ಪುರಾವೆ ಇಲ್ಲದಿದ್ದರೆ ಟೈಪ್ 1, ಇದ್ದರೆ ಟೈಪ್ 2.

ಯಾರಿಗೆ ಬರುತ್ತದೆ? ಅಷ್ಟು ಅಪರೂಪವೇ?

ಅಮೆರಿಕದ ಒಂದು ಜಿಲ್ಲೆಯ ಲೆಕ್ಕದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು 5.5 ಹೊಸ ರೋಗಿಗಳು, ನೆದರ್‌ಲ್ಯಾಂಡ್ಸ್‌ನ ಲೆಕ್ಕದಲ್ಲಿ 26. ಯಾವ ಮಾನದಂಡ ಹಿಡಿದು ಎಣಿಸಿದರು ಎನ್ನುವುದರ ಮೇಲೆ ಸಂಖ್ಯೆ ಹೀಗೆ ಬದಲಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಮೂರು-ನಾಲ್ಕು ಪಟ್ಟು ಹೆಚ್ಚು, ಕಾಲಿಗಿಂತ ಕೈಯಲ್ಲಿ ಹೆಚ್ಚು. ಮೂಳೆಮುರಿತವೇ ಮುಖ್ಯ ಕಾರಣ. ಆದರೆ ಬರಿಯ ಉಳುಕಿನಿಂದ, ಪಾರ್ಶ್ವವಾಯು ಹೊಡೆದ ಕೈಯಲ್ಲಿ, ಅಪರೂಪಕ್ಕೆ ಯಾವ ಪೆಟ್ಟೂ ಇಲ್ಲದೆಯೂ ಬರುತ್ತದೆ.

ಪ್ಲಾಸ್ಟರ್ ಇರುವಾಗಲೇ ಗೊತ್ತಾಗುತ್ತದೆಯೇ?

ಸುಳಿವು ಸಿಗುತ್ತದೆ. ಮಣಿಕಟ್ಟು ಮುರಿದ ಮೊದಲ ವಾರದಲ್ಲಿ ನೋವು ಹತ್ತಕ್ಕೆ 5 ಅಥವಾ ಹೆಚ್ಚು ಇದ್ದವರಲ್ಲಿ ಸಿಆರ್‌ಪಿಎಸ್ ಬರುವ ಸಂಭವ ಜಾಸ್ತಿ. ಅಂಥವರನ್ನು 6 ವಾರದವರೆಗೆ ಬಿಡದೆ, ವಾರದೊಳಗೇ ಮತ್ತೆ ತೋರಿಸಿ. ಪ್ಲಾಸ್ಟರ್ ಬಿಗಿಯಾಗಿದ್ದರೆ ವೈದ್ಯರು ಅದನ್ನು ಸೀಳಿ ಸಡಿಲಿಸಬಹುದು.

ಪ್ಲಾಸ್ಟರಿನ ಅಂಚನ್ನೂ ಗಮನಿಸಿ. ಮಣಿಕಟ್ಟಿನ ಪ್ಲಾಸ್ಟರ್ ಅಂಗೈಯ ಮಡಿಕೆಗಿಂತ ಹಿಂದೆಯೇ ನಿಂತಿರಬೇಕು, ಬೆರಳಿನ ಬುಡದ ಗೆಣ್ಣುಗಳು ಪೂರ್ತಿ ಮಡಚಬೇಕು. ಮಡಚದಿದ್ದರೆ ಅಂಚು ಕತ್ತರಿಸಿಕೊಡಲು ಕೇಳಿ. ಎಚ್ಚರವಿರುವಷ್ಟು ಹೊತ್ತೂ ಗಂಟೆಗೊಮ್ಮೆ 10 ಸಲ ಮುಷ್ಟಿ ಕಟ್ಟಿ ಬಿಡಿಸಿ. ಮೊಣಕೈ, ಭುಜವನ್ನೂ ಆಡಿಸಿ. ಭುಜ ಮರೆತವರಿಗೆ ಆಮೇಲೆ ಅದೇ ಬೇರೆ ಕಾಯಿಲೆಯಾಗುತ್ತದೆ.

ಇಲ್ಲಿ ಒಂದು ತುರ್ತು ಸಂಗತಿ. ಪ್ಲಾಸ್ಟರಿನೊಳಗೆ ನೋವು ಗಂಟೆಗಂಟೆಗೆ ಏರುತ್ತಾ, ಬೆರಳನ್ನು ಬೇರೆಯವರು ನೆಟ್ಟಗೆ ಮಾಡಿದರೆ ತಡೆಯಲಾಗದಂತಾದರೆ, ಬೆರಳು ಜೋಮು ಹಿಡಿದು ಬಿಳಿಚಿದರೆ ಅಥವಾ ನೀಲಿಯಾದರೆ, ಅದು ಸಿಆರ್‌ಪಿಎಸ್ ಅಲ್ಲ. ಒಳಗೆ ಒತ್ತಡ ಹೆಚ್ಚಿ ಸ್ನಾಯುವಿಗೆ ರಕ್ತ ನಿಂತಿರಬಹುದು. ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯುತ್ತದೆ. ರಾತ್ರಿಯಾದರೂ, ಮಳೆಯಾದರೂ ಹೊರಡಿ.

ಪ್ಲಾಸ್ಟರ್ ಬಿಚ್ಚಿದ ಮೇಲೆ ನೋವು, ಬಾವು ಸಹಜವಲ್ಲವೇ?

ಸಹಜವೇ. ಆದರೆ ಅದು ವಾರದಿಂದ ವಾರಕ್ಕೆ ಇಳಿಯಬೇಕು. ನೋವು ಏರುತ್ತಿದ್ದರೆ, ಮುರಿದ ಜಾಗ ಬಿಟ್ಟು ಇಡೀ ಹಸ್ತಕ್ಕೆ ಕೈಗವಸಿನಂತೆ ಹರಡಿದರೆ, ತಣ್ಣೀರು, ಗಾಳಿ, ಹೊದಿಕೆಯ ಸ್ಪರ್ಶವೂ ಉರಿ ತಂದರೆ ಅನುಮಾನ ಪಡಿ. "ಈ ಕೈ ನನ್ನದಲ್ಲ ಅನಿಸುತ್ತದೆ" ಎಂದು ರೋಗಿ ಹೇಳಿದರೆ ನಗಬೇಡಿ. ಈ ಕಾಯಿಲೆಯಲ್ಲಿ ಅದು ಪದೇ ಪದೇ ಕೇಳಿಬರುವ ಮಾತು.

ವೈದ್ಯರು ಹೇಗೆ ಪತ್ತೆ ಹಚ್ಚುತ್ತಾರೆ?

ಇದಕ್ಕೆಂದೇ ಒಂದು ಪರೀಕ್ಷೆ ಇಲ್ಲ. ಬುಡಾಪೆಸ್ಟ್ ಮಾನದಂಡ ಎಂಬ ಪಟ್ಟಿಯನ್ನು ಹಿಡಿದು ಕೈ ನೋಡಿಯೇ ನಿರ್ಧರಿಸುತ್ತಾರೆ. ಗಾಯಕ್ಕೆ ಮೀರಿದ ನೋವು ಮುಂದುವರಿದಿರಬೇಕು, ಬೇರೆ ಯಾವ ಕಾಯಿಲೆಯೂ ಇದನ್ನು ಇದಕ್ಕಿಂತ ಚೆನ್ನಾಗಿ ವಿವರಿಸಬಾರದು. ಇವೆರಡರ ಜೊತೆಗೆ ಲಕ್ಷಣಗಳ ನಾಲ್ಕು ಗುಂಪುಗಳಿವೆ:

- ಸ್ಪರ್ಶ: ಮುಟ್ಟಿದರೆ, ಚುಚ್ಚಿದರೆ ಅತಿಯಾದ ನೋವು
- ರಕ್ತನಾಳ: ಎರಡು ಕೈಗಳ ಬಿಸಿ ಅಥವಾ ಬಣ್ಣದಲ್ಲಿ ವ್ಯತ್ಯಾಸ
- ಬೆವರು ಮತ್ತು ಬಾವು
- ಚಲನೆ ಮತ್ತು ಪೋಷಣೆ: ಬಿಗಿತ, ನಿಶ್ಶಕ್ತಿ, ನಡುಕ, ಬೆರಳು ಸೊಟ್ಟಗಾಗುವುದು, ಉಗುರು, ರೋಮ, ಚರ್ಮದಲ್ಲಿ ಬದಲಾವಣೆ

ರೋಗಿ ಹೇಳುವ ಲಕ್ಷಣಗಳು ಕನಿಷ್ಠ ಮೂರು ಗುಂಪಿನಲ್ಲಿ, ವೈದ್ಯರು ಅಂದು ಕಣ್ಣಾರೆ ಕಾಣುವ ಗುರುತುಗಳು ಕನಿಷ್ಠ ಎರಡು ಗುಂಪಿನಲ್ಲಿ ಇರಬೇಕು.

ತೊಡಕು ಇರುವುದು "ಅಂದು" ಎಂಬಲ್ಲಿ. ಈ ಗುರುತುಗಳು ಗಂಟೆಗೊಂದು ಥರ ಬದಲಾಗುತ್ತವೆ. ರಾತ್ರಿ ಕೆಂಪಗೆ ಊದಿದ ಕೈ, ಮರುದಿನ ಒಪಿಡಿ ಸಾಲಿನಲ್ಲಿ ನಿಲ್ಲುವ ಹೊತ್ತಿಗೆ ಸಾಮಾನ್ಯವಾಗಿ ಕಾಣಬಹುದು. ಅದಕ್ಕಾಗಿ ಮೊಬೈಲಿನಲ್ಲಿ ಚಿತ್ರ ತೆಗೆದಿಡಿ: ಬಿಳಿ ಬಟ್ಟೆಯ ಮೇಲೆ ಎರಡೂ ಕೈ ಒಟ್ಟಿಗೆ, ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ. ಕೋವಿಡ್ ಕಾಲದ ಗನ್ ಥರ್ಮಾಮೀಟರ್ ಮನೆಯಲ್ಲಿದ್ದರೆ ಅದನ್ನೂ ಬಳಸಬಹುದು. ಒಲೆಯಿಂದ ದೂರ 20 ನಿಮಿಷ ಕೂತು, ಎರಡೂ ಹಸ್ತದ ಹಿಂಭಾಗದಲ್ಲಿ ಒಂದೇ ಜಾಗವನ್ನು ಅಳೆಯಿರಿ. ಉಪಕರಣ ಮೈಜ್ವರದ ಮೋಡ್‌ನಲ್ಲಿದ್ದರೆ ಲೆಕ್ಕ ತಿದ್ದಿ ತೋರಿಸುತ್ತದೆ, ಮೇಲ್ಮೈ ಅಳೆಯುವ ಮೋಡ್‌ಗೆ ಹಾಕಿ. 1 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ವ್ಯತ್ಯಾಸ ಮತ್ತೆ ಮತ್ತೆ ಬಂದರೆ ದಿನ, ಹೊತ್ತು ಸಮೇತ ಬರೆದು ವೈದ್ಯರಿಗೆ ಕೊಡಿ.

ಮೊದಲು ಬಿಸಿ ಮತ್ತು ಕೆಂಪು, ಆಮೇಲೆ ತಣ್ಣಗೆ ಮತ್ತು ನೀಲಿ ಎಂದು ಮೂರು ಹಂತ ಹೇಳುವ ರೂಢಿ ಹಿಂದೆ ಇತ್ತು. ಎಲ್ಲರಲ್ಲೂ ಆ ಕ್ರಮ ಕಾಣುವುದಿಲ್ಲ. ಕೆಲವರ ಕೈ ಮೊದಲ ದಿನದಿಂದಲೇ ತಣ್ಣಗಿರುತ್ತದೆ.

ಹಾಗಾದರೆ ಎಕ್ಸ್‌ರೇ, ರಕ್ತ ಪರೀಕ್ಷೆ, ಸ್ಕ್ಯಾನ್ ಯಾಕೆ ಬರೆಯುತ್ತಾರೆ?

ಬೇರೆಯದನ್ನು ತಳ್ಳಿಹಾಕಲು. ಸೋಂಕು ಇದೆಯೇ ಎಂದು ಇಎಸ್‌ಆರ್, ಸಿಆರ್‌ಪಿ. ಕಾಲು ಊದಿದ್ದರೆ ರಕ್ತ ಹೆಪ್ಪುಗಟ್ಟಿದೆಯೇ ಎಂದು ಡಾಪ್ಲರ್ ಎಂಬ ರಕ್ತನಾಳದ ಸ್ಕ್ಯಾನ್. ಮಣಿಕಟ್ಟಿನಲ್ಲಿ ನರ ಒತ್ತಿದೆಯೇ ಎಂದು ನರ್ವ್ ಕಂಡಕ್ಷನ್ ಎಂಬ ನರದ ಪರೀಕ್ಷೆ. ಮೂಳೆ ಸರಿಯಾಗಿ ಕೂಡಿದೆಯೇ ಎಂದು ಎಕ್ಸ್‌ರೇ ಬೇಕೇ ಬೇಕು. ಸಕ್ಕರೆ ಕಾಯಿಲೆಯ ನರಬಾಧೆ, ಸಂಧಿವಾತ, ಚಿಕುನ್‌ಗುನ್ಯಾ ನಂತರದ ಕೀಲುನೋವು ಇವನ್ನೂ ವಿಚಾರಿಸಬೇಕು. ಬೋನ್ ಸ್ಕ್ಯಾನ್ ಸಾಮಾನ್ಯವಾಗಿ ಬಂದರೂ ಸಿಆರ್‌ಪಿಎಸ್ ಇಲ್ಲ ಎನ್ನಲಾಗದು. ದುಬಾರಿ ಎಂಆರ್‌ಐಗಾಗಿ ಚಿಕಿತ್ಸೆಯನ್ನು ತಿಂಗಳುಗಟ್ಟಲೆ ಮುಂದೂಡುವುದು ನಷ್ಟವೇ.

ಎಲ್ಲ ರಿಪೋರ್ಟ್ ನಾರ್ಮಲ್, ಇದು ಮನಸ್ಸಿನದು ಎನ್ನುತ್ತಾರಲ್ಲ?

ಊದಿದ, ಬಣ್ಣ ಬದಲಾದ, ಬೆವರುವ ಕೈಯನ್ನು ಮನಸ್ಸಿನಿಂದ ಮಾಡಿಕೊಳ್ಳಲು ಬರುವುದಿಲ್ಲ. ಭಯ, ನಿದ್ದೆಗೆಡುವುದು, ಬೇಸರ ನೋವನ್ನು ಹೆಚ್ಚಿಸುತ್ತವೆ ಎಂಬುದೂ ನಿಜ. ಆದ್ದರಿಂದ ಆಪ್ತಸಮಾಲೋಚನೆಗೆ ಕಳಿಸಿದರೆ ಅವಮಾನ ಎಂದುಕೊಳ್ಳಬೇಡಿ. ಅದೊಂದನ್ನೇ ಚಿಕಿತ್ಸೆ ಎಂದು ಕಳಿಸಿದರೆ ಮಾತ್ರ ಎರಡನೇ ಅಭಿಪ್ರಾಯ ಕೇಳಿ.

ನಾಟಿ ಕಟ್ಟು ಕಟ್ಟಿಸಬಹುದೇ?

ಬೇಡ. ಕಟ್ಟಿದವರ ಕೈಗುಣ ಹೇಗೇ ಇರಲಿ, ಬಿದಿರ ದಬ್ಬೆ ಇಟ್ಟು ಬಿಗಿದು ಇನ್ನೊಂದು ತಿಂಗಳು ಅಲುಗಾಡಿಸದೆ ಇಡುವುದು ಈ ಕಾಯಿಲೆಗೆ ಮೇವು ಹಾಕಿದಂತೆಯೇ. ಕೂಡಿರುವ ಮೂಳೆಗೆ ಕಟ್ಟು ಬೇಕಿಲ್ಲ. ಕೈಯನ್ನು ಸದಾ ಕೊರಳಿಗೆ ತೂಗುಹಾಕಿಕೊಳ್ಳುವುದನ್ನೂ ಬಿಡಿ.

ನೋವಿರುವ ಕೈಯನ್ನು ಆಡಿಸಿದರೆ ಹೆಚ್ಚಾಗುವುದಿಲ್ಲವೇ?

ಆಡಿಸದಿದ್ದರೆ ಹೆಚ್ಚಾಗುತ್ತದೆ. ಈ ಇಡೀ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಮಾತ್ರೆ, ಇಂಜೆಕ್ಷನ್ ಎಲ್ಲವೂ ಕೈ ಆಡಿಸಲು ಅನುವು ಮಾಡಿಕೊಡುವುದಕ್ಕಾಗಿ ಇವೆ.

ಮೂಳೆ ಕೂಡಿದೆ, ಭಾರ ಹಾಕಬಹುದು ಎಂದು ವೈದ್ಯರು ಹೇಳಿದ ಮೇಲೆ ಹೀಗೆ ಶುರುಮಾಡಿ. ನೆಲದ ಮೇಲೆ ಮಂಡಿಯೂರಿ, ನೋವಿನ ಕೈಯಲ್ಲಿ ಬ್ರಷ್ ಹಿಡಿದು, ತಡೆಯುವಷ್ಟು ಭಾರ ಹಾಕಿ ಹಿಂದೆ ಮುಂದೆ ಉಜ್ಜಿ. ಒಂದು ಸಲಕ್ಕೆ 3 ನಿಮಿಷ, ದಿನಕ್ಕೆ 3 ಸಲ. ಎರಡು ವಾರದಲ್ಲಿ ನಿಧಾನಕ್ಕೆ 7 ನಿಮಿಷಕ್ಕೆ ತನ್ನಿ. ಮಂಡಿಯೂರಲು ಆಗದ ಹಿರಿಯರು ಮೇಜಿನ ಮೇಲೆ ಉಜ್ಜಬಹುದು. ಇದರ ಜೊತೆ ಚೀಲ ಹಿಡಿದು ನಡೆಯುವುದು: ಅರ್ಧ ಲೀಟರ್ ನೀರಿನ ಬಾಟಲಿಯಿಂದ ಆರಂಭಿಸಿ, ತೋಳು ನೆಟ್ಟಗೆ ಇಳಿಬಿಟ್ಟು, ಅಂಗಳದಲ್ಲಿ ಓಡಾಡಿ. ಒಂದು ಲೀಟರ್ ಅಂದರೆ ಒಂದು ಕಿಲೋ, ಬೇರೆ ತೂಕ ಹುಡುಕಬೇಕಾಗಿಲ್ಲ.

ಮೊದಲ ಕೆಲವು ದಿನ ಬಾವು, ನೋವು ತುಸು ಏರುತ್ತದೆ. ಎಷ್ಟು ಸಾಕು ಎಂದು ತಿಳಿಯಲು ಮರುದಿನ ಬೆಳಿಗ್ಗೆ ನೋಡಿ. ಹಿಂದಿನ ದಿನ ವ್ಯಾಯಾಮಕ್ಕೆ ಮೊದಲಿದ್ದ ಮಟ್ಟಕ್ಕೆ ನೋವು ಇಳಿದಿದ್ದರೆ ಅಷ್ಟೇ ಮುಂದುವರಿಸಿ, ಇಳಿಯದಿದ್ದರೆ ಅರ್ಧ ಮಾಡಿ. ಪೂರ್ತಿ ನಿಲ್ಲಿಸಬೇಡಿ. ಕೈ ಹಗುರವೆನಿಸಿದ ದಿನ ಉತ್ಸಾಹದಲ್ಲಿ ಇಡೀ ಮನೆ ಒರೆಸಿ, ಮುಂದಿನ ಮೂರು ದಿನ ಮಲಗುವವರೇ ಹೆಚ್ಚು. ಬೇರೆಯವರು ಬಲವಂತವಾಗಿ ಬೆರಳು ಮಡಚುವುದೂ ಅಷ್ಟೇ ಕೆಟ್ಟದ್ದು. ಕಿರುಚಾಡಿಸಿ ಮಾಡಿಸುವ ಫಿಸಿಯೋ ಇದಕ್ಕೆ ಸಲ್ಲದು.

ಮುಟ್ಟಲೂ ಆಗದ ಚರ್ಮಕ್ಕೆ ಏನು ಮಾಡುವುದು?

ಸ್ಪರ್ಶವನ್ನು ಮತ್ತೆ ರೂಢಿ ಮಾಡಿಸಬೇಕು. ನೋವಿಲ್ಲದ ಜಾಗದಿಂದ, ಅಂದರೆ ಮುಂಗೈಯಿಂದ ಶುರುಮಾಡಿ ನೋವಿನ ಗಡಿಯತ್ತ ಬನ್ನಿ. ಮೊದಲು ಹಳೆಯ ರೇಷ್ಮೆ ಸೀರೆಯ ತುಂಡು, ಆಮೇಲೆ ಹತ್ತಿ, ಪಂಚೆ, ಟವೆಲ್, ಕೊನೆಗೆ ಕಂಬಳಿ. ಒಂದೊಂದು ಬಾರಿಗೆ 2 ನಿಮಿಷ, ದಿನಕ್ಕೆ 4-5 ಸಲ. ರೋಗಿ ತಾನೇ ಸವರಿಕೊಳ್ಳಬೇಕು, ಕಣ್ಣಿಟ್ಟು ನೋಡುತ್ತಾ. ಒಂದು ಬಟ್ಟೆ ಸಹ್ಯವಾದ ಮೇಲೆಯೇ ಮುಂದಿನದು.

ನಂತರ ಅಗಲ ಪಾತ್ರೆಯಲ್ಲಿ ಎರಡು ಕಿಲೋದಷ್ಟು ಅಕ್ಕಿ ಹಾಕಿ ಹಸ್ತ ಮುಳುಗಿಸಿ ಬೆರಳಾಡಿಸಿ. ಅದು ಸಲೀಸಾದರೆ ಕಾಫಿ ಬೇಳೆ. ಒಣ ಕರಿಮೆಣಸು ಬೇಡ, ಅದರ ಪುಡಿ ಚರ್ಮಕ್ಕೂ ಕಣ್ಣಿಗೂ ಉರಿ. ಗಾಯ ಅಥವಾ ಹುಣ್ಣು ಇದ್ದರೆ ಇದನ್ನೆಲ್ಲ ತಡೆದಿಡಿ.

ಕನ್ನಡಿ ಚಿಕಿತ್ಸೆ ನಿಜಕ್ಕೂ ಕೆಲಸ ಮಾಡುತ್ತದೆಯೇ?

ಹಲವರಿಗೆ ಮಾಡುತ್ತದೆ, ಕ್ರಮ ತಪ್ಪದಿದ್ದರೆ. ನೇರವಾಗಿ ಕನ್ನಡಿಗೆ ಹಾರಿದವರಲ್ಲಿ ಕೆಲವರಿಗೆ ನೋವೇ ಹೆಚ್ಚುತ್ತದೆ, ವಿಶೇಷವಾಗಿ ಕಾಯಿಲೆ ಹಳೆಯದಾಗಿದ್ದರೆ. ಮೂರು ಮೆಟ್ಟಿಲು, ಒಂದೊಂದಕ್ಕೆ ಸುಮಾರು 2 ವಾರ.

ಮೊದಲನೆಯದು ಎಡ-ಬಲ ಗುರುತಿಸುವುದು. ಮನೆಯ ಮಕ್ಕಳಿಗೆ ಹೇಳಿ ಬೇರೆ ಬೇರೆ ಭಂಗಿಯಲ್ಲಿ ಕೈಗಳ 40-50 ಚಿತ್ರ ತೆಗೆಸಿ. ಅರ್ಧದಷ್ಟನ್ನು ಫೋನಿನಲ್ಲೇ ಕನ್ನಡಿಯಲ್ಲಿ ಕಂಡಂತೆ ತಿರುವಿ (ಫ್ಲಿಪ್) ಎಡವನ್ನು ಬಲ ಮಾಡಬಹುದು. ಕಲಸಿ ತೋರಿಸಿ, ಎಡವೋ ಬಲವೋ ತಟ್ಟನೆ ಹೇಳಬೇಕು. ಒಂದಕ್ಕೆ 2 ಸೆಕೆಂಡಿನ ಆಸುಪಾಸು, ನೂರಕ್ಕೆ 80 ಸರಿ, ಎರಡೂ ಕೈಗೆ ಸಮನಾಗಿ ಬಂದರೆ ಮುಂದಕ್ಕೆ. ಎರಡನೆಯದು ಕಲ್ಪನೆ: ಚಿತ್ರದಲ್ಲಿರುವ ಭಂಗಿಗೆ ನೋವಿನ ಕೈ ಹೋಗಿ ಬಂದಂತೆ ಮನಸ್ಸಿನಲ್ಲೇ ಮಾಡುವುದು, ಕೈ ಕದಲಬಾರದು.

ಮೂರನೆಯದು ಕನ್ನಡಿ. ಒಂದೂವರೆ ಅಡಿ ಅಗಲದ ಸಾದಾ ಕನ್ನಡಿ ಸಾಕು. ಅಂಚಿಗೆ ಟೇಪ್ ಸುತ್ತಿ, ಮೇಜಿನ ಮೇಲೆ ಅದರ ಅಂಚು ಎದೆಯ ನಡುವಿಗೆ ಬರುವಂತೆ, ಹೊಳೆಯುವ ಮುಖ ಚೆನ್ನಾಗಿರುವ ಕೈಯ ಕಡೆಗಿರುವಂತೆ ನಿಲ್ಲಿಸಿ, ಬೀಳದಂತೆ ಇಟ್ಟಿಗೆ ಕೊಡಿ. ಎರಡೂ ಕೈಯ ಬಳೆ, ಉಂಗುರ, ವಾಚ್ ತೆಗೆಯಿರಿ. ಪ್ರತಿಬಿಂಬದಲ್ಲಿ ಬಳೆ ಕಂಡರೆ ಅದು ತನ್ನ ಆ ಕೈಯಲ್ಲ ಎಂದು ಮಿದುಳಿಗೆ ತಿಳಿದುಬಿಡುತ್ತದೆ. ನೋವಿನ ಕೈ ಕನ್ನಡಿಯ ಹಿಂದೆ, ಚೆನ್ನಾಗಿರುವ ಕೈ ಮುಂದೆ. ಚೆನ್ನಾಗಿರುವುದನ್ನು ನಿಧಾನಕ್ಕೆ ಆಡಿಸುತ್ತಾ ಪ್ರತಿಬಿಂಬವನ್ನೇ ನೋಡಿ, ಕೆಲವು ದಿನಗಳ ಬಳಿಕ ಹಿಂದಿನ ಕೈಯನ್ನೂ ಆದಷ್ಟು ಆಡಿಸಿ. ಸಲಕ್ಕೆ 5 ನಿಮಿಷ, ದಿನದಲ್ಲಿ ಹಲವು ಸಲ. ವಾರಕ್ಕೊಮ್ಮೆ ಒಂದು ಗಂಟೆ ಮಾಡಿದರೆ ಪ್ರಯೋಜನವಿಲ್ಲ. ತಲೆಸುತ್ತು ಬಂದರೆ, ನೋವು ಏರಿದರೆ ಹಿಂದಿನ ಮೆಟ್ಟಿಲಿಗೆ ಇಳಿಯಿರಿ.

ಐಸ್ ಇಡಬಹುದೇ? ಒಲೆ ಮುಂದೆ ಕಾಯಿಸಬಹುದೇ?

ಐಸ್ ಬೇಡ. ಉಗುರುಬೆಚ್ಚಗಿನ ನೀರು ಹಿತವೆನಿಸಿದರೆ ಸರಿ. ಮಳೆಗಾಲದಲ್ಲಿ ಬೆಂಕಿ ಕಾಯಿಸುವಾಗ ನೋವಿನ ಕೈಯ ಅಂದಾಜನ್ನು ನಂಬಬೇಡಿ, ಬಿಸಿ ಎಷ್ಟೆಂದು ತಿಳಿಯದೆ ಬೊಬ್ಬೆ ಎದ್ದೀತು. ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸುವುದೂ ಬೇಡ.

ಯಾವ ಮಾತ್ರೆಗಳನ್ನು ಕೊಡುತ್ತಾರೆ?

ಪ್ಯಾರಾಸಿಟಮಾಲ್, ಡೈಕ್ಲೋಫೆನಾಕ್‌ನಂಥವು ಇಲ್ಲಿ ಅಷ್ಟಕ್ಕಷ್ಟೆ. ಅಂಗಡಿಯಿಂದ ತಂದು ತಿಂಗಳುಗಟ್ಟಲೆ ಡೈಕ್ಲೋಫೆನಾಕ್ ನುಂಗಿದರೆ ಹೊಟ್ಟೆ, ಮೂತ್ರಪಿಂಡ ಎರಡೂ ಕೆಡುತ್ತವೆ.

ಮೊದಲ ಕೆಲವು ತಿಂಗಳಲ್ಲಿ, ಕೈ ಬಿಸಿಯಾಗಿ ಊದಿರುವಾಗ, ಸ್ಟೀರಾಯ್ಡ್‌ನ ಒಂದು ಚಿಕ್ಕ ಸುತ್ತು ಒಳ್ಳೆಯ ಫಲ ಕೊಡುತ್ತದೆ. ಪಾರ್ಶ್ವವಾಯು ನಂತರ ಸಿಆರ್‌ಪಿಎಸ್ ಬಂದವರ ಮೇಲೆ ಲಖನೌನಲ್ಲಿ ನಡೆದ, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪ್ರೆಡ್ನಿಸೊಲೋನ್ ದಿನಕ್ಕೆ 40 ಮಿಲಿಗ್ರಾಂ ಎರಡು ವಾರ ಕೊಟ್ಟು ಇಳಿಸುತ್ತಾ ಬಂದರು. ಸಾಮಾನ್ಯ ನೋವಿನ ಮಾತ್ರೆಗಿಂತ ಅದು ಬಹಳ ಮೇಲಾಯಿತು. ಸಕ್ಕರೆ ಕಾಯಿಲೆ, ಕ್ಷಯ, ಹೊಟ್ಟೆಹುಣ್ಣು ಇದ್ದವರು ಮೊದಲೇ ಹೇಳಬೇಕು. ಇದನ್ನು ನೀವೇ ತೆಗೆದುಕೊಳ್ಳುವಂತಿಲ್ಲ, ತಿಂಗಳುಗಟ್ಟಲೆ ಎಳೆಯುವಂತೆಯೂ ಇಲ್ಲ.

ನರನೋವಿಗೆ ಗ್ಯಾಬಪೆಂಟಿನ್ ರಾತ್ರಿ 300 ಮಿಲಿಗ್ರಾಂನಿಂದ ಶುರುವಾಗಿ ಹಲವು ದಿನಗಳಲ್ಲಿ ಏರುತ್ತದೆ. ದಿನಕ್ಕೆ 900ರಿಂದ 1800 ತಲುಪುವ ಮೊದಲೇ "ಕೆಲಸ ಮಾಡಲಿಲ್ಲ" ಎಂದು ಬಿಡುವವರು ತುಂಬ. ಅದರ ಬದಲು ಪ್ರಿಗ್ಯಾಬಲಿನ್ ಕೊಡಬಹುದು, ಎರಡೂ ಒಟ್ಟಿಗೆ ಬೇಡ. ಮೂತ್ರಪಿಂಡ ದುರ್ಬಲವಿದ್ದರೆ ಪ್ರಮಾಣ ಇಳಿಸಬೇಕು. ನಿದ್ದೆ ಇಲ್ಲದವರಿಗೆ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ರಾತ್ರಿ, ಬಾಯಿ ಒಣಗುತ್ತದೆ. ಪ್ರಾಸ್ಟೇಟ್ ತೊಂದರೆ, ಗ್ಲಾಕೋಮಾ, ಹೃದಯದ ಬಡಿತದ ತೊಂದರೆ ಇದ್ದವರಿಗೆ ಹೊಂದದು. ಇವೆಲ್ಲ ಮಂಪರು ತರುತ್ತವೆ. ಪ್ರಮಾಣ ಏರಿಸುತ್ತಿರುವ ವಾರಗಳಲ್ಲಿ ಸಂಪಾಜೆ ಘಾಟಿಯಲ್ಲಿ ಗಾಡಿ ಓಡಿಸಬೇಡಿ, ಏಣಿ ಹತ್ತಬೇಡಿ. ಸಂಜೆಯ ಪೆಗ್ ಜೊತೆ ಇವನ್ನು ನುಂಗುವುದು ಉಸಿರಾಟಕ್ಕೇ ಅಪಾಯ. ಮದುವೆ ಮನೆಯಲ್ಲಿ ಒತ್ತಾಯ ಮಾಡುವವರಿಗೆ ಮೊದಲೇ ಹೇಳಿಟ್ಟಿರಿ.

ಬಿಸ್‌ಫಾಸ್ಫೊನೇಟ್ ಎಂಬ ಮೂಳೆಯ ಔಷಧಿ ಹೊಸ ಕಾಯಿಲೆಯಲ್ಲಿ ನೋವು ಇಳಿಸುತ್ತದೆ. ಮಾತ್ರೆಯಾದರೆ ಬರಿಹೊಟ್ಟೆಯಲ್ಲಿ ಒಂದು ದೊಡ್ಡ ಲೋಟ ನೀರಿನೊಂದಿಗೆ, ನಂತರ ಅರ್ಧ ಗಂಟೆ ಮಲಗುವಂತಿಲ್ಲ, ತಿನ್ನುವಂತಿಲ್ಲ. ಆ ಅರ್ಧ ಗಂಟೆ ಕಾಫಿಯೂ ಇಲ್ಲ, ಕಾಫಿಯೊಂದಿಗೆ ನುಂಗಿದರೆ ಮೈಗೆ ಹತ್ತುವ ಮದ್ದು ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಕೀಳಿಸಬೇಕಾದ ಹಲ್ಲಿದ್ದರೆ ಶುರುಮಾಡುವ ಮೊದಲೇ ಕೀಳಿಸಿ.

ಮಳೆಗೆ ದಾರಿ ಮುಚ್ಚಿ ಮಾತ್ರೆ ಮುಗಿದರೆ?

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಾದ ಮಳೆ, ಭೂಕುಸಿತ ನೆನಪಿರುವವರಿಗೆ ಇದು ಉತ್ಪ್ರೇಕ್ಷೆ ಅನಿಸದು. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಸ್ಟೀರಾಯ್ಡ್ ಒಮ್ಮೆಲೇ ನಿಲ್ಲಿಸುವಂತಿಲ್ಲ. ಜೂನ್ ಮೊದಲೇ ಒಂದು ತಿಂಗಳ ಹೆಚ್ಚುವರಿ ಚೀಟಿ ಬರೆಸಿ ತಂದು, ಗಾಳಿಯಾಡದ ಡಬ್ಬದಲ್ಲಿಡಿ. ಜನೌಷಧಿ ಕೇಂದ್ರಗಳಲ್ಲಿ ಇವು ಅಗ್ಗ.

ಕುತ್ತಿಗೆಗೆ ಇಂಜೆಕ್ಷನ್ ಎಂದರು, ಅದೇನು?

ಸ್ಟೆಲ್ಲೇಟ್ ಗ್ಯಾಂಗ್ಲಿಯಾನ್ ಬ್ಲಾಕ್. ಕೈಯ ರಕ್ತನಾಳಗಳನ್ನು ನಿಯಂತ್ರಿಸುವ ನರಗಂಟಿಗೆ ಅಲ್ಟ್ರಾಸೌಂಡ್ ನೋಡುತ್ತಾ ಮರಗಟ್ಟಿಸುವ ಔಷಧಿ ಹಾಕುತ್ತಾರೆ. ಕಾಲಿಗಾದರೆ ಸೊಂಟದ ಬಳಿ. ಆ ಬದಿಯ ರೆಪ್ಪೆ ಇಳಿಬಿದ್ದು, ಕಣ್ಣು ಕೆಂಪಾಗಿ, ದನಿ ಒಡೆದರೆ ಗಾಬರಿ ಬೇಡ, ಕೆಲವು ಗಂಟೆಗಳಲ್ಲಿ ಹೋಗುತ್ತದೆ. ಉಸಿರು ಕಟ್ಟಿದರೆ ಮಾತ್ರ ತಕ್ಷಣ ಹೇಳಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ. ಎಲ್ಲರಿಗೂ ಗುಣ ಕಾಣುವುದಿಲ್ಲ. ಕಂಡರೆ, ನೋವು ಇಳಿದ ಆ ಗಂಟೆಗಳಲ್ಲೇ ಫಿಸಿಯೋ ಮಾಡಿಸಬೇಕು. ಬ್ಲಾಕ್ ಮಾಡಿಸಿಕೊಂಡು ಬಸ್ಸಿನಲ್ಲಿ ಮೂರು ಗಂಟೆ ಕೂತು ಬಂದರೆ ಅದರ ಫಲ ಬಸ್ಸಿನಲ್ಲೇ ಕಳೆದುಹೋಗುತ್ತದೆ. ಒಂದು ರಾತ್ರಿ ಅಲ್ಲೇ ಉಳಿಯುವ ಏರ್ಪಾಡು ಮಾಡಿಕೊಳ್ಳಿ.

ಬೆನ್ನುಹುರಿಗೆ ಯಂತ್ರ ಇಡುವುದು? ಕೈಯನ್ನೇ ತೆಗೆಸಿದರೆ?

ಸ್ಪೈನಲ್ ಕಾರ್ಡ್ ಸ್ಟಿಮ್ಯುಲೇಟರ್, ಅಂದರೆ ಬೆನ್ನುಹುರಿಗೆ ತಂತಿಯ ಮೂಲಕ ಸಣ್ಣ ವಿದ್ಯುತ್ ಮಿಡಿತ ಕೊಡುವ ಯಂತ್ರ, ಉಳಿದದ್ದೆಲ್ಲ ಸೋತ ಮೇಲಿನ ಮಾತು. ಖರ್ಚು ಹಲವು ಲಕ್ಷ. ಮೊದಲು ಕೆಲವು ದಿನ ತಾತ್ಕಾಲಿಕ ತಂತಿ ಇಟ್ಟು ನೋಡಿ, ನೋವು ಅರ್ಧಕ್ಕಾದರೂ ಇಳಿದರಷ್ಟೇ ಮುಂದುವರಿಯುತ್ತಾರೆ. ವರ್ಷಗಳು ಕಳೆದಂತೆ ಪರಿಣಾಮ ತಗ್ಗುವುದುಂಟು. ಕೈ ಕತ್ತರಿಸುವುದು ಪರಿಹಾರವಲ್ಲ. ಉಳಿದ ಮೊಂಡಿನಲ್ಲಿ ಅದೇ ನೋವು ಮರಳಬಹುದು.

ವಿಟಮಿನ್ ಸಿ ತೆಗೆದುಕೊಂಡರೆ ಬರುವುದಿಲ್ಲವಂತೆ?

ಮಣಿಕಟ್ಟು ಮುರಿದ ದಿನದಿಂದ 500 ಮಿಲಿಗ್ರಾಂನಂತೆ 50 ದಿನ ಕೊಟ್ಟರೆ ಸಿಆರ್‌ಪಿಎಸ್ ಕಡಿಮೆ ಎಂದು ಡಚ್ ಅಧ್ಯಯನಗಳು ಹೇಳಿದವು, ನಂತರದ ಒಂದು ಅಧ್ಯಯನ ಒಪ್ಪಲಿಲ್ಲ. ಮೂತ್ರಪಿಂಡದ ಕಲ್ಲಿನ ತೊಂದರೆ ಇಲ್ಲದವರು ವೈದ್ಯರನ್ನು ಕೇಳಿ ತೆಗೆದುಕೊಳ್ಳಬಹುದು. ಕಾಯಿಲೆ ಬಂದ ಮೇಲೆ ಅದು ಮದ್ದಲ್ಲ.

ಕೊಡಗಿನಲ್ಲಿ ಎಲ್ಲಿ ತೋರಿಸಬೇಕು?

ಮೊದಲು ಮೂಳೆ ವೈದ್ಯರು, ಅದೇ ವಾರ ಫಿಸಿಯೋಥೆರಪಿ. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲಿ ಇವನ್ನು ಆರಂಭಿಸಬಹುದು. ಬ್ಲಾಕ್ ಮತ್ತಿತರ ಚಿಕಿತ್ಸೆಗೆ ಮೈಸೂರು, ಮಂಗಳೂರು ಅಥವಾ ಬೆಂಗಳೂರಿನ ನೋವು ಚಿಕಿತ್ಸಾ ತಜ್ಞರು, ಸಾಮಾನ್ಯವಾಗಿ ಅರಿವಳಿಕೆ ವಿಭಾಗದವರು, ಬೇಕಾಗುತ್ತಾರೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡ್ ಇದ್ದವರು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಪಡೆದೇ ಹೊರಡಿ. ಯಾವ ಚಿಕಿತ್ಸೆ ಯೋಜನೆಯೊಳಗೆ ಬರುತ್ತದೆ ಎಂದು ಹೋಗುವ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ.

ತೋಟದ ಕೆಲಸದಲ್ಲಿ ಬಿದ್ದದ್ದಾದರೆ ಮೊದಲ ದಿನದ ಚೀಟಿಯಲ್ಲೇ ಎಲ್ಲಿ, ಯಾವ ಕೆಲಸ ಮಾಡುವಾಗ ಬಿದ್ದದ್ದು ಎಂದು ಬರೆಸಿ. ಪರಿಹಾರ ಕೇಳುವಾಗ ಲೈನ್ ಮನೆಗಳಲ್ಲಿರುವ ತೋಟದ ಕಾರ್ಮಿಕರ ಬಳಿ ಇಲ್ಲದೆ ಹೋಗುವುದು ಈ ಒಂದು ಸಾಲೇ.

ಮಕ್ಕಳಿಗೂ ಬರುತ್ತದೆಯೇ?

ಬರುತ್ತದೆ. ಹೆಚ್ಚಾಗಿ ಹದಿಹರೆಯದ ಹೆಣ್ಣುಮಕ್ಕಳಿಗೆ, ಕಾಲಿನಲ್ಲಿ, ಹಾಕಿ ಆಡುವಾಗಿನ ಉಳುಕಿನಂಥ ಸಣ್ಣ ಪೆಟ್ಟಿನ ನಂತರ. ಮದ್ದು ಕಡಿಮೆ, ವ್ಯಾಯಾಮ ಹೆಚ್ಚು ಎಂಬುದು ಇಲ್ಲಿಯ ದಾರಿ. ದೊಡ್ಡವರಿಗಿಂತ ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ. ಶಾಲೆ ಬಿಡಿಸಬೇಡಿ.

ಪೂರ್ತಿ ಗುಣವಾಗುತ್ತದೆಯೇ? ಮತ್ತೆ ಬಂದರೆ?

ಬೇಗ ಶುರುಮಾಡಿದವರಲ್ಲಿ ಹೆಚ್ಚಿನವರಿಗೆ ಮೊದಲ ವರ್ಷದಲ್ಲೇ ಗಣನೀಯವಾಗಿ ಇಳಿಯುತ್ತದೆ. ಬಿಗಿತ, ಚಳಿಗೆ ನೋವು ಕೆಲವರಲ್ಲಿ ಉಳಿಯುತ್ತದೆ. ಸ್ವಲ್ಪ ಜನರಿಗೆ ವರ್ಷಗಟ್ಟಲೆ ಹೋಗುವುದಿಲ್ಲ, ಅವರ ಗುರಿ ನೋವು ಸೊನ್ನೆ ಮಾಡುವುದಲ್ಲ, ಕೈಯಿಂದ ಕೆಲಸ ಮಾಡಿಕೊಳ್ಳುವುದು.

ಮತ್ತೆ ಬರುವುದೂ ಉಂಟು, ಅದೇ ಕೈಯಲ್ಲಿ ಅಥವಾ ಬೇರೆಡೆ. ಮುಂದೆ ಯಾವುದೇ ಶಸ್ತ್ರಚಿಕಿತ್ಸೆ ಇದ್ದರೆ, ಅದು ಹೊಟ್ಟೆಯದ್ದಾದರೂ ಸರಿ, ಅರಿವಳಿಕೆ ವೈದ್ಯರಿಗೆ ಸಿಆರ್‌ಪಿಎಸ್ ಇತ್ತೆಂದು ಹೇಳಿ. ಅದೇ ಕೈಯ ಶಸ್ತ್ರಚಿಕಿತ್ಸೆಯಾದರೆ, ತೀರಾ ಅಗತ್ಯವಿಲ್ಲದಿದ್ದಲ್ಲಿ ಕಾಯಿಲೆ ಶಮನವಾಗುವವರೆಗೆ ಮುಂದೂಡಬಹುದೇ ಎಂದು ಕೇಳಿ. ಡ್ರಿಪ್ ಹಾಕಲು, ರಕ್ತ ತೆಗೆಯಲು, ಬಿಪಿ ನೋಡಲು ಇನ್ನೊಂದು ಕೈ ಕೊಡಿ.